ಬಂದು ಹೋದ ಜ್ವರಕ್ಕೆ ಸೂಜಿ

ಶಿಗ್ಲಿಯ ಫಕೀರಬಿಗೆ ಚಳಿಜ್ವರ ಹೊಸದಲ್ಲ. ಗದಗ ಬೇರೆ ಜಿಲ್ಲೆಯಾದ ಮೇಲೆ, ಸಿಂಗಟಾಲೂರಿನ ಏತ ನೀರಾವರಿ ಕೆಲಸಕ್ಕೆ ಮಣ್ಣು ಹೊರಲು ಹೋದಾಗ ಹಿಡಿದಿತ್ತು. ಕೌದಿಯ ಮೇಲೆ ಕೌದಿ ಹೊದ್ದರೂ ಹಲ್ಲು ಕಟಕಟ ಅನ್ನುತ್ತಿದ್ದವು. ವಾಸಿಯಾದ ಮೇಲೆ, ದಡಾರದ ಹಾಗೆ ಇದೂ ಒಮ್ಮೆ ಬಂದರೆ ಮುಗಿದೇ ಹೋಯಿತೆಂದು ಸೊಳ್ಳೆ ಪರದೆಯನ್ನು ಪಕ್ಕದವಳಿಗೆ ಕೊಟ್ಟುಬಿಟ್ಟಳು. ಮುಂದಿನ ಮಳೆಗಾಲದಲ್ಲಿ ಮತ್ತೆ ಅದೇ ಜ್ವರದಿಂದ ಮಲಗಿದಳು.

ಈಗ ಅದೇ ಜ್ವರ ಮೊಮ್ಮಗ ಅತಾವುಲ್ಲಾನಿಗೆ ಬಂದು ಹೋಗಿತ್ತು. ಅದೂ ದೂರದ ಘಾನಾದಲ್ಲಿ. ಅಳಿಯ ಅಲ್ಲಿ ಬೋರವೆಲ್ ಗಾಡಿಯ ಮೆಕ್ಯಾನಿಕ್. ಆ ದೇಶದಲ್ಲಿ ಸಣ್ಣ ಮಕ್ಕಳಿಗೆ ಮಲೇರಿಯಾದ ಲಸಿಕೆ ಹಾಕುತ್ತಾರಂತೆ, ನಾಳೆ ಕರೆದಿದ್ದಾರಂತೆ. ಜ್ವರ ಬಂದು ಹೋದ ಕೂಸಿಗೆ ಸೂಜಿ ಹಾಕಿಸಿದರೂ ದಂಡ ಅಂತ ಯಾರೋ ಅಂದಿದ್ದಕ್ಕೆ ಮಗಳು ತಬಸ್ಸುಮ ಗಾಬರಿಯಾಗಿ ಫೋನ್ ಹಚ್ಚಿದ್ದಳು. ಹಾಕಿಸಲೋ ಬೇಡವೋ?

ಫಕೀರಬಿ ಹನಮಪ್ಪನ ಮನೆಗೆ ಹೋದಳು. ಅವನು ನಿವೃತ್ತಿಯಾಗುವತನಕ ಆರೋಗ್ಯ ಇಲಾಖೆಯ ಕೆಲಸದಲ್ಲಿ ಮನೆಮನೆ ತಿರುಗಿ, ಜ್ವರ ಬಂದವರ ಬೆರಳು ಚುಚ್ಚಿ ಪರೀಕ್ಷೆಗೆ ರಕ್ತ ಒಯ್ಯುತ್ತಿದ್ದ. ಮಲೇರಿಯಾ ದಡಾರದಂಥದ್ದಲ್ಲ, ಮೈ ಅದರ ಗುರುತನ್ನು ಒಂದಿಷ್ಟು ಹಿಡಿಯುತ್ತದೆ, ಆದರೂ ಮತ್ತೆ ಬರುತ್ತದೆ ಅಂದ. ಲಸಿಕೆಯ ಮಾತು ಬಂದಾಗ ತಲೆ ಕೆರೆದುಕೊಂಡ.

"ನಮ್ಮ ಕಾಲಕ್ಕ ಗುಳಿಗಿ ಅಷ್ಟ ಇದ್ದವು ತಂಗಿ. ಇದನ್ನ ನಾ ಕಣ್ಣೀಲೆ ಕಂಡಿಲ್ಲ."

ಸಂಜೆ ತಬಸ್ಸುಮ ಅಲ್ಲಿಯ ನರ್ಸನ್ನು ಕೇಳಿಕೊಂಡು ಮತ್ತೆ ಫೋನ್ ಮಾಡಿದಳು. ರಕ್ತದಲ್ಲಿ ಮೊದಲೇ ಮಲೇರಿಯಾ ಇದ್ದ ಮಕ್ಕಳಿಗೆ ಈ ಲಸಿಕೆ ಇನ್ನೂ ಚಲೋ ಹತ್ತಿ ಕೆಲಸ ಮಾಡಿತೆಂದು ಒಂದು ಅಧ್ಯಯನದಲ್ಲಿ ಕಂಡಿದೆಯಂತೆ. ಮಲೇರಿಯಾದ್ದೇ ಬೇರೆ ನಮೂನೆಯ ಲಸಿಕೆಯಲ್ಲಿ ಇದಕ್ಕೆ ಉಲ್ಟಾ ಆಗಿದ್ದೂ ಉಂಟಂತೆ. ಯಾಕೆ ಹಾಗೆ ಅನ್ನುವುದು ದೊಡ್ಡ ಡಾಕ್ಟರುಗಳಿಗೂ ಇನ್ನೂ ಪೂರಾ ಬಗೆಹರಿದಿಲ್ಲವಂತೆ.

"ಅಂದ್ರ ಹೆಚ್ಚ ಹತ್ತತೈತೋ, ಕಡಿಮಿ ಹತ್ತತೈತೋ?"

"ಎರಡೂ ಅಂತಾರಮ್ಮಾ."

ಕೌದಿ ಹೊಲಿಯುವ ಫಕೀರಬಿಗೆ ಹೊಳೆದದ್ದು ಕೌದಿಯೇ. ಕೆಳಗೆ ಹಳೇ ಸೀರೆ ಹಾಕಿದರೆ ಒಮ್ಮೊಮ್ಮೆ ದಾರ ಗಟ್ಟಿ ಕೂಡುತ್ತದೆ, ಒಮ್ಮೊಮ್ಮೆ ಪರ್ರನೆ ಹರಿಯುತ್ತದೆ. ಹಾಗೆಯೇ ಇರಬೇಕು ಅಂದಳು.

"ಅಮ್ಮಾ, ಇವ ನಿನ್ನ ಮೊಮ್ಮಗ, ಕೌದಿ ಅಲ್ಲ."

ನಕ್ಕರೂ ಫಕೀರಬಿಯ ತಲೆಯೊಳಗಿನ ಗೋಜಲು ಬಿಡಲಿಲ್ಲ. ಬೇರೆ ದಾರಿ ಹಿಡಿದಳು. ಹಾಕಿಸಿದರೆ ಕೂಸಿಗೆ ಏನಾದರೂ ಆಗುತ್ತದೋ? ಒಂದೆರಡು ದಿನ ಮೈ ಬಿಸಿಯಾಗಬಹುದಂತೆ, ಅಷ್ಟೆ. ಹಾಕಿಸದಿದ್ದರೆ?

"ಈ ಜ್ವರದಾಗ ಸಣ್ಣ ಮಕ್ಕಳು ಹೋಗಿಬಿಡ್ತಾವಂತ, ಅಮ್ಮಾ."

"ಹಂಗಾರ ಹಾಕ್ಸು. ಹೆಚ್ಚೋ ಕಡಿಮಿಯೋ, ಆ ಡಾಕ್ಟರಗೋಳು ಕುಂತು ಜಗಳಾಡಲಿ. ಜ್ವರ ಬಂದಿತ್ತಂತ ನರ್ಸಬಾಯಿಗೆ ಮರೀದ ಹೇಳು."

ಮರುದಿನ ಫೋನಿನಲ್ಲಿ ಕೂಸಿನ ಫೋಟೋ ಬಂತು. ಬಾಯಿ ತೆರೆದು ಅಳುತ್ತಿತ್ತು. ಸೂಜಿ ಹತ್ತಿತೋ ಇಲ್ಲವೋ ಅಂತ ಫಕೀರಬಿ ಮುಖವನ್ನೇ ದಿಟ್ಟಿಸಿದಳು. ಮುಖದಲ್ಲಿ ಏನೂ ಬರೆದಿರಲಿಲ್ಲ. ಇದೇ ಸೂಜಿಗೆ ಇನ್ನೂ ಕೆಲವು ಸಲ ಬರಲು ಹೇಳಿದ್ದಾರೆ ಅಂದಳು ತಬಸ್ಸುಮ.

"ಮತ್ತ ಯಾಕ?" ಅಂದಳು ಫಕೀರಬಿ.

"ಒಂದ ಸಲ ಚುಚ್ಚಿದ್ರ ಪೂರಾ ಹತ್ತೂದಿಲ್ಲಂತ, ಅಮ್ಮಾ."