ಶೇಖವ್ವನ ಸೆರಗು

ರಾಜೂರಿನ ಶೇಖವ್ವ ಇಪ್ಪತ್ತು ವರ್ಷ ಬಗಲಲ್ಲಿ ಗಡಿಗೆ ಇಟ್ಟುಕೊಂಡು ಗಜೇಂದ್ರಗಡಕ್ಕೆ ನಡೆದು ಮೊಸರು ಮಾರಿದವಳು. 1856ರಲ್ಲಿ ಗಜೇಂದ್ರಗಡದ ಪೇಟೆಯ ಗಡಿ ಬರೆದುಕೊಳ್ಳಲು ಒಬ್ಬ ಸರಕಾರಿ ಕಾರಕೂನ ಬಂದ. ಊರವರು ತಲೆಗೊಂದು ಗಡಿ ಹೇಳಿದರು. ಕಾರಕೂನರಿಗೋ ಗೆರೆಯೆಂದರೆ ಒಂದೇ ಆಗಬೇಕು! ಬೇಸತ್ತು ಅವನು, ಪೇಟೆ ಎಲ್ಲಿಂದ ಶುರುವೆಂದು ಶೇಖವ್ವನನ್ನೇ ಕೇಳಿದ.

“ಬೇವಿನ ಗಿಡದ ಹತ್ರ ತಲಿಮ್ಯಾಲೆ ಸೆರಗ ಹೊದಿತೀನ್ರಿ. ಅಲ್ಲಿಂದ ಮುಂದ ದೊಡ್ಡವರು ಕುಂತಿರ್ತಾರ. ಅದ ಪ್ಯಾಟಿ.”

ಮರುದಿನ ಬೆಳಿಗ್ಗೆ ಪರೀಕ್ಷಿಸಲೆಂದು ಅವನು ಆ ಗಿಡದ ಬುಡದಲ್ಲೇ ಕುಳಿತ. ಶೇಖವ್ವ ಗಿಡಕ್ಕೆ ಇಪ್ಪತ್ತು ಹೆಜ್ಜೆ ಮೊದಲೇ ಸೆರಗು ಹೊದ್ದಳು.

“ಗಿಡ ಇನ್ನೂ ದೂರ ಐತಲ್ಲಬೇ?”

“ಗಿಡದ ಬುಡಕ ನೀವ ಕುಂತೀರಲ್ರಿ! ಇವತ್ತ ಪ್ಯಾಟಿ ಇಲ್ಲೀತನಕ ಬಂತು.”