ಬುರೈದಾ ರಸ್ತೆಗೊಬ್ಬಳು ಕಂಡಕ್ಟರ್

ಸಂಜೆ ನಾಲ್ಕು ಗಂಟೆ ಹನ್ನೆರಡು ನಿಮಿಷ. ಕೆಲವು ತಿಂಗಳ ಹಿಂದೆ, ಬುರೈದಾದಿಂದ ರಿಯಾದಿಗೆ ಬರುವ ರಸ್ತೆಯಲ್ಲಿ, ಕೆಟ್ಟದ್ದು ಶುರುವಾದದ್ದು ಆಗ. ಇಷ್ಟು ಖಚಿತವಾಗಿ ಹೇಗೆ ಗೊತ್ತೆಂದರೆ, ರಾತ್ರಿಯ ಇಶಾ ನಮಾಜಿನೊಳಗೆ ರಿಯಾದ್ ಮುಟ್ಟಬಹುದೇ ಎಂದು ಕಾರಿನ ಗಡಿಯಾರ ನೋಡಿ ಆಗಷ್ಟೇ ಕಣ್ಣೆತ್ತಿದ್ದೆ. ಇವತ್ತು ಬೆಳಿಗ್ಗೆ ರಿಯಾದಿನ ಒಲಾಯಾದ ಸಿಗ್ನಲ್ಲಿನಲ್ಲಿ ಅವಸರದ ಮನುಷ್ಯನೊಬ್ಬ ಟಯರು ಕಿರುಚಿಸಿಕೊಂಡು ಹೊರಟ. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಮನಸ್ಸಿನಲ್ಲಿ ನಾನು ಮತ್ತೆ ಅದೇ ರಸ್ತೆಯಲ್ಲಿದ್ದೆ. ನೀವೂ ಜೊತೆಗೆ ಬನ್ನಿ, ಹೆದರುವಂಥದ್ದು ಬೇಗ ಮುಗಿಯುತ್ತದೆ.

ರಿಯಾದಿನ ಒಂದು ಅಂಗಡಿಗೆ ಖರ್ಜೂರ ಆರಿಸಿ ತರುವುದು ನನ್ನ ಕೆಲಸ. ವಾರಕ್ಕೊಮ್ಮೆ ಖರ್ಜೂರದ ಊರಾದ ಬುರೈದಾಕ್ಕೆ ಹೋಗಬೇಕು. ಅಂದು ಬರುವಾಗ ಮುಂದಿದ್ದ ಪಿಕಪ್ಪಿನ ಟಯರು ಒಡೆಯಿತು. ಗಾಡಿ ಅಡ್ಡ ತಿರುಗಿ, ಎರಡು ಸಲ ಉರುಳಿ, ನನ್ನ ಕಾರಿನ ಮೂತಿಯ ಎದುರಿನಿಂದಲೇ ಹಾದು ಮರಳಿಗಿಳಿಯಿತು. ನಾನು ಬ್ರೇಕು ಒತ್ತಲಿಲ್ಲ, ಸ್ಟಿಯರಿಂಗ್ ತಿರುಗಿಸಲಿಲ್ಲ. ಬಿ.ಕಾಂ. ಮೊದಲ ದರ್ಜೆಯಲ್ಲಿ ಪಾಸಾದ ನಾನು ಫೋಟೋ ತೆಗೆಸಲು ಕುಳಿತವನ ಹಾಗೆ ಕುಳಿತಿದ್ದೆ. ಕಾರು ತಾನಾಗಿ ಪಾರಾಯಿತು. ಮುಂದೆ ಹೋಗಿ ಹೇಗೋ ನಿಲ್ಲಿಸಿ ಹಿಂದಕ್ಕೆ ಓಡಿದರೆ, ಪಿಕಪ್ಪಿನ ಬಿಳಿಗಡ್ಡದ ಮುದುಕ ಕಿಟಕಿಯಿಂದ ಹೊರಬಂದು ತನ್ನ ಇನ್ನೊಂದು ಚಪ್ಪಲಿ ಹುಡುಕುತ್ತಿದ್ದ. ನನ್ನನ್ನು ನೋಡಿ ಅವನೇ ನನಗೆ ನೀರು ಕುಡಿಸಿದ.

ಅವನಿಗೆ ಏನೂ ಆಗಲಿಲ್ಲ. ಆದದ್ದು ನನಗೆ. ಕಣ್ಣು ಮುಚ್ಚಿದರೆ ಪಿಕಪ್ಪು ಉರುಳುತ್ತಿತ್ತು. ಗಂಟೆಗೊಮ್ಮೆ ಎಚ್ಚರ. ಕಾರಿನ ಕೀಲಿಯನ್ನು ಕಪಾಟಿನಲ್ಲಿಟ್ಟು ಟ್ಯಾಕ್ಸಿ ಹಿಡಿದೆ, ಅದರಲ್ಲೂ ಹಿಂದಿನ ಸೀಟಿನಲ್ಲಿ ಬೆನ್ನು ಬಗ್ಗಿಸಿ ಕುಳಿತೆ. ಅಂಗಡಿಯ ಮಾಲೀಕರು ಭಟ್ಕಳದ ಹುಸೇನ್ ಭಾಯಿ. ಮೂರು ವಾರ ಬೇರೆಯವರನ್ನು ಬುರೈದಾಕ್ಕೆ ಕಳಿಸಿದರು. ಬಂದ ಮಾಲನ್ನು ನೋಡಿ ಉಸಿರುಬಿಟ್ಟರು.

"ಖರ್ಜೂರ ಆರಿಸುವ ಕೈ ನಿಂದು ಮಾರಾಯ. ಆ ಕೈಯನ್ನು ಮಾತ್ರ ಪಾರ್ಸೆಲ್ ಮಾಡ್ಲಿಕ್ಕೆ ಆಗ್ತದಾ? ನಾನು ಎಷ್ಟು ದಿನ ಅಂತ ಕಾಯ್ಲಿ, ಹೇಳು."

ನಗುತ್ತಲೇ ಹೇಳಿದರು. ನನಗೆ ಮಾತ್ರ ಅರ್ಥವಾಯಿತು. ರಸ್ತೆಗೆ ಇಳಿಯದಿದ್ದರೆ ಕೆಲಸವಿಲ್ಲ. ಕೆಲಸವಿಲ್ಲವೆಂದರೆ ಇಕಾಮಾ ಎಂಬ ವಾಸದ ಪರವಾನಗಿ ಇಲ್ಲ, ಈ ಊರಿನಲ್ಲಿ ಇರುವಂತೆಯೇ ಇಲ್ಲ.

ಮದ್ದು ಕೊಟ್ಟವರೂ ಅವರೇ. ಒಂದು ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ನನ್ನನ್ನೂ ಹೆಂಡತಿ ಜುಬೇದಾಳನ್ನೂ ಊಟಕ್ಕೆ ಕರೆದು, ಟಿ.ವಿ. ಮುಂದೆ ಕೂರಿಸಿದರು. ಅಮೆರಿಕದ ಸ್ಟಾಕ್ ಕಾರ್ ರೇಸು, ಹಿಂದಿನ ವಾರದ್ದು. ಅವರಿಗೆ ಇದರ ಹುಚ್ಚು ಹಳೆಯದು. ನನಗೆ ಸ್ಟಾಕ್ ಎಂದರೆ ಗೋಡೌನಿನಲ್ಲಿರುವ ಮಾಲು. ಮಾರಾಟವಾಗದೆ ಉಳಿದ ಕಾರುಗಳನ್ನು ಹೀಗೆ ಓಡಿಸಿ ಖಾಲಿ ಮಾಡುತ್ತಾರೆಂದು ತಿಳಿದು, "ಡಿಸ್ಕೌಂಟ್ ಎಷ್ಟು ಭಾಯಿ?" ಎಂದು ಕೇಳಿಯೂ ಬಿಟ್ಟೆ. ಮೊದಮೊದಲು ಅಂಗಡಿಯಲ್ಲಿ ಸಿಗುವ ಕಾರುಗಳೇ ಓಡುತ್ತಿದ್ದವಂತೆ, ಅದಕ್ಕೆ ಆ ಹೆಸರು. ಈಗ ಹೊರಗಿನ ಆಕಾರವಷ್ಟೇ ಹಾಗೆ.

ಮೂವತ್ತು ನಲವತ್ತು ಕಾರುಗಳು ಒಂದರ ಬಾಲಕ್ಕೆ ಇನ್ನೊಂದು ಮೂಗು ತಾಗಿಸಿಕೊಂಡು ಎಡಕ್ಕೆ, ಬರೀ ಎಡಕ್ಕೆ ತಿರುಗುತ್ತಿದ್ದವು.

"ಇದ್ರಲ್ಲಿ ಎಂತ ಉಂಟು?" ಎಂದಳು ಜುಬೇದಾ. "ಒಲಾಯಾದಲ್ಲಿ ಪಾರ್ಕಿಂಗ್ ಹುಡುಕುವಾಗ ಇವರೂ ಹೀಗೇ ಸುತ್ತುವುದಲ್ವಾ?"

ಅಷ್ಟರಲ್ಲಿ ಒಂದು ಕಾರು ಜಾರಿ, ಗಿರಗಿರನೆ ತಿರುಗಿ ಗೋಡೆಗೆ ಹೊಡೆಯಿತು. ಹೊಗೆ. ನಾನು ಎದ್ದುಬಿಟ್ಟೆ. ಹುಸೇನ್ ಭಾಯಿ ನನ್ನ ಅಂಗಿ ಹಿಡಿದೆಳೆದರು.

"ಕೂತ್ಕೋ. ಅವನ ಕಿಟಕಿ ನೋಡು."

ಕಿಟಕಿಗೆ ಗಾಜಿನ ಬದಲು ಬಲೆ ಇತ್ತು. ಸ್ವಲ್ಪ ಹೊತ್ತಿಗೆ ಒಳಗಿನ ಕೈ ಅದನ್ನು ಬಿಚ್ಚಿ ಇಳಿಸಿತು.

"ಬಲೆ ಇಳಿಸಿದ ಅಂದ್ರೆ ನಂಗೆ ಎಂತದೂ ಆಗ್ಲಿಲ್ಲ ಅಂತ ಲೆಕ್ಕ," ಎಂದರು ಭಾಯಿ.

ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಉಸಿರು ನನ್ನಿಂದ ಹೊರಬಂತು. ಆಮೇಲಿನ ಶುಕ್ರವಾರಗಳಲ್ಲಿ ಕರೆಯುವ ಮೊದಲೇ ಅವರ ಮನೆಯ ಗಂಟೆ ಒತ್ತುತ್ತಿದ್ದೆ. ಅಪಘಾತವಾಗಿ ಹಳದಿ ಬಾವುಟ ಬೀಸಿದರೆ ಎಲ್ಲರೂ ವೇಗ ತಗ್ಗಿಸಿ ಒಂದು ಕಾರಿನ ಹಿಂದೆ ಸಾಲಾಗಿ ಹೋಗಬೇಕು ಎಂಬ ಶಿಸ್ತು ನನಗೆ ಬಹಳ ಹಿಡಿಸಿತು. ಒಂದು ನೀಲಿ ಕಾರನ್ನು ನನ್ನದೆಂದು ಆರಿಸಿಕೊಂಡೆ. ಅದು ಇಪ್ಪತ್ತನೆಯದಾಗಿ ಬಂದರೆ ನಮ್ಮಲ್ಲಿ ಹಬ್ಬ. ಖರ್ಜೂರ ಆರಿಸುವ ಕಣ್ಣು ಕಾರು ಆರಿಸಲು ಬಾರದು ಎಂದು ಭಾಯಿ ಗೇಲಿ ಮಾಡುತ್ತಿದ್ದರು. ಆದರೂ ಕೀಲಿ ಕಪಾಟಿನಲ್ಲೇ ಇತ್ತು, ನಿದ್ದೆ ತುಂಡುತುಂಡಾಗಿಯೇ ಬರುತ್ತಿತ್ತು. ಟಿ.ವಿ.ಯಲ್ಲಿ ಉರುಳಿದವರು ಎದ್ದು ಬರುವುದನ್ನು ನೋಡುವುದು ಬೇರೆ, ಉರುಳುವ ಗಾಡಿಯ ಎದುರು ನನ್ನ ಕೈ ಅಲುಗುವುದು ಬೇರೆ.

ಒಂದು ವಾರ ಟಿ.ವಿ.ಯವರು ಪ್ರೇಕ್ಷಕರ ಸ್ಟ್ಯಾಂಡಿನ ಮೇಲ್ತುದಿಯಲ್ಲಿ ನಿಂತ ಒಬ್ಬನನ್ನು ತೋರಿಸಿದರು. ಪ್ರತಿ ಡ್ರೈವರಿಗೂ ಅಂಥವನೊಬ್ಬ ಇರುತ್ತಾನಂತೆ. ರೇಡಿಯೋದಲ್ಲಿ ಅವನ ಕಿವಿಗೆ ಹೇಳುತ್ತಲೇ ಇರುತ್ತಾನೆ: ಪಕ್ಕದಲ್ಲಿ ಒಬ್ಬನಿದ್ದಾನೆ, ಈಗ ಇಲ್ಲ, ಹೋಗು. ಹೊಗೆಯಲ್ಲಿ ಏನೂ ಕಾಣದಾಗ ಡ್ರೈವರು ಅವನ ಮಾತು ನಂಬಿಯೇ ನುಗ್ಗುತ್ತಾನೆ.

"ಓ, ಇದು ನಮ್ಮ ಉಡುಪಿ ಬಸ್ಸಿನ ಕಂಡಕ್ಟರ್," ಎಂದಳು ಜುಬೇದಾ. "ಬರ್ಲಿ, ಬರ್ಲಿ, ರೈಟ್, ಪೋಯಿ." ತುಳುವಿನಲ್ಲಿ ಪೋಯಿ ಎಂದರೆ ಹೋಗೋಣ.

ಭಾಯಿ ಚಹಾ ಚೆಲ್ಲುವಷ್ಟು ನಕ್ಕರು. ಅವಳು ನಗದೆ ನನ್ನ ಕಡೆ ತಿರುಗಿದಳು.

"ಮಂಗಳವಾರ ನಾನು ಬರ್ತೇನೆ ಬುರೈದಾಕ್ಕೆ. ನೀವು ಎದುರು ಮಾತ್ರ ನೋಡಿ. ಉಳಿದದ್ದು ನಾನು ಹೇಳ್ತೇನೆ."

ಮಂಗಳವಾರ ಕಪಾಟಿನಿಂದ ಕೀಲಿ ತೆಗೆದೆ. ಹೇಳಿದಳು, ರಿಯಾದ್ ದಾಟಿದ ಮೇಲೂ ಬಾಯಿ ಮುಚ್ಚಲಿಲ್ಲ. "ಬಲಕ್ಕೆ ಟ್ರೇಲರ್ ಉಂಟು. ಉಂಟು, ಉಂಟು. ಹೋಯ್ತು. ಪೋಯಿ." ಬೇಲಿಯಾಚೆ ನಿಂತ ಒಂಟೆಗಳ ವರದಿಯೂ ಬಂತು. ಅರ್ಧ ದಾರಿಯಲ್ಲಿ, ಮುಂದಿದ್ದ ಲಾರಿಯ ಟಯರಿನಿಂದ ಉದ್ದದ ರಬ್ಬರಿನ ಪಟ್ಟಿ ಕಿತ್ತು ನಮ್ಮತ್ತ ಹಾರಿಬಂತು. ಮತ್ತೆ ಅದೇ ಗಳಿಗೆ. ಮೈ ಕಲ್ಲಾಗುವುದು ನನಗೆ ಗೊತ್ತಾಗುತ್ತಿತ್ತು.

"ಬಲಕ್ಕೆ ಯಾರೂ ಇಲ್ಲ," ಎಂದಳು ಜುಬೇದಾ, ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೇಳಿದಷ್ಟು ಸಲೀಸಾಗಿ. "ಹೋಗಿ."

ಕೈ ತಿರುಗಿತು. ರಬ್ಬರು ಎಡಗಡೆಯಿಂದ ಹಾದುಹೋಯಿತು. ಬಹಳ ಹೊತ್ತಿನ ಮೇಲೆ, ನನ್ನ ಕಂಡಕ್ಟರ್ ಯಾಕೆ ಇಷ್ಟು ಸುಮ್ಮನಿದ್ದಾಳೆಂದು ನೋಡಿದರೆ, ಸೀಟಿಗೊರಗಿ ಬಾಯಿ ತೆರೆದು ನಿದ್ದೆ ಹೋಗಿದ್ದಳು. ಬುರೈದಾ ಬರುವವರೆಗೆ ಎಬ್ಬಿಸಲಿಲ್ಲ.

ಈ ಪ್ರಯಾಣ ಮೊನ್ನೆ ಮಂಗಳವಾರದ ಮಾತು. ಹಿಂದಿರುಗಿ ಮಾಲು ಇಳಿಸಿ, ಊಟ ಮಾಡಿ ದಿಂಬಿಗೆ ತಲೆಯಿಟ್ಟದ್ದಷ್ಟೇ ನೆನಪು. ನಸುಕಿನ ಫಜರಿನ ಬಾಂಗಿಗೆ ಕಣ್ಣು ಬಿಟ್ಟಾಗ ಜುಬೇದಾ ಪಕ್ಕದಲ್ಲಿ ಕುಳಿತು ನನ್ನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣು ಕೆಂಪಾಗಿತ್ತು.

"ಒಂದು ಸಲವೂ ಏಳ್ಲಿಲ್ಲ ನೀವು," ಎಂದಳು. "ಉಸಿರುಂಟಾ ಅಂತ ನಾನು ನಾಲ್ಕು ಸಲ ಎದ್ದು ನೋಡಿದೆ."