ಮೂಲದೊಂದಿಗೆ ಪರಿಶೀಲಿಸಲಾಗಿಲ್ಲ

ಮಾನ್ಯ ಓದುಗರಲ್ಲಿ,

ನನ್ನ ಅಕ್ಷರ ದುಂಡಾಗಿಲ್ಲ. ಅಲ್ಪಪ್ರಾಣ ಮಹಾಪ್ರಾಣಗಳು ನನ್ನ ಕೈಯಲ್ಲಿ ಆಗಾಗ ಸ್ಥಾನ ಬದಲಿಸುತ್ತವೆ. ಸದರಿ ಲೋಪಗಳನ್ನು ಮನ್ನಿಸಬೇಕಾಗಿ ಆರಂಭದಲ್ಲಿಯೇ ವಿನಂತಿಸಿಕೊಳ್ಳುತ್ತೇನೆ. ಇದು ನನ್ನ ಮೊದಲ ಬರಹ. ಬರೆಯುವ ಕ್ರಮವನ್ನು ಕಲಿತದ್ದು, ಗುಮಾಸ್ತರಾಗಿದ್ದ ನನ್ನ ದಿವಂಗತ ತಂದೆಯವರ ಮಾದರಿ ಪತ್ರಗಳ ನೋಟುಪುಸ್ತಕದಿಂದ. ಆದಕಾರಣ ನಗು ಬರುವ ಸಂಗತಿಯೂ ನನ್ನಲ್ಲಿ ಅರ್ಜಿಯ ರೂಪದಲ್ಲಿಯೇ ಬರುತ್ತದೆ.

ಮೊನ್ನೆ ಹಲಸೂರಿನ ಅಂಗಡಿಯೊಂದರಲ್ಲಿ ನೀಲಿ ಪೆನ್ನು ಕೇಳಿದೆ. “ಬ್ಲೂ ಖಾಲಿಮ್ಮಾ, ಗ್ರೀನ್ ಒಂದೇ ಇರೋದು, ಅಡ್ಜಸ್ಟ್ ಮಾಡ್ಕೊಳ್ಳಿ” ಎಂದರು. ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳಿಗೆ ಮೀಸಲೆಂಬುದು ತಂದೆಯವರ ದೃಢ ಅಭಿಪ್ರಾಯವಾಗಿತ್ತು. ಆದರೂ ಅದನ್ನೇ ಕೊಂಡು, ಮುಚ್ಚಳ ತೆರೆದು ಅಂಗೈ ಮೇಲೊಂದು ಗೆರೆ ಎಳೆದವಳಿಗೆ ರಸ್ತೆಯಲ್ಲಿಯೇ ನಗು ಉಕ್ಕಿತು. ಆಟೋದವರೊಬ್ಬರು ನನ್ನನ್ನು ನೋಡಿ ವಾಹನವನ್ನು ತುಸು ದೂರ ಸರಿಸಿಕೊಂಡರು.

ನಗುವಿನ ಕಾರಣವನ್ನು ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ನಾನು ಶಿವಾಜಿನಗರದ ಪ್ರಯೋಗಾಲಯವೊಂದರಲ್ಲಿ ರಕ್ತ ಪರೀಕ್ಷಿಸುವ ಉದ್ಯೋಗಿ. ಹಸುಗೂಸಾಗಿದ್ದಾಗಲೇ ನನಗೆ ದೀಕ್ಷಾಸ್ನಾನವಾಗಿತ್ತು. ಆಗ ನನ್ನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ, ಕೇಳಿದ್ದರೆ ಅತ್ತಿರುತ್ತಿದ್ದೆ. ದೊಡ್ಡವರಾದ ಮೇಲೆ ಬಿಷಪ್ಪರ ಮುಂದೆ ಮಂಡಿಯೂರಿ, ಈ ನಂಬಿಕೆ ನನ್ನದೇ ಎಂದು ಸ್ವಂತ ಬಾಯಿಂದ ಹೇಳುವ ವಿಧಿಯೊಂದಿದೆ. ದಂಡು ಪ್ರದೇಶದ ನಾವೆಲ್ಲರೂ ಅದನ್ನು ಕನ್ಫರ್ಮೇಷನ್ ಎನ್ನುತ್ತೇವೆ. ಹದಿನಾರರಲ್ಲಿ ನಾನು ಜ್ವರದ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಎಂಟು ವರ್ಷಗಳ ಹಿಂದೆ, ಮದುವೆಯಾಗಿ ಜೀವನ್ ಬಿಮಾ ನಗರದ ಬಾಡಿಗೆ ಮನೆಗೆ ಬಂದ ಮೇಲೆ, ಯಾರ ಒತ್ತಾಯವೂ ಇಲ್ಲದೆ, ಹೇಳಬೇಕೆನಿಸಿತು. ಆದರೆ ಹೇಳಿದರೆ ಅದು ನಿಜವಾಗಿರಬೇಕಲ್ಲ? ಎರಡು ಸಲ ನೋಡದೆ ಒಂದು ಸಕ್ಕರೆ ಕಾಯಿಲೆಯ ವರದಿಗೂ ಸಹಿ ಹಾಕದವಳು, ಪರೀಕ್ಷೆಗೇ ಸಿಗದ ಸಂಗತಿಗೆ ಹೇಗೆ ಸಹಿ ಹಾಕಲಿ? ಈ ಪ್ರಶ್ನೆಯಿಂದಾಗಿ ವಾರಗಟ್ಟಲೆ ನಿದ್ದೆ ಸರಿಯಾಗಿರಲಿಲ್ಲ.

ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರು ಕನ್ನಡದಲ್ಲಿ ಅಚ್ಚಾದ ಅರ್ಜಿಯೊಂದನ್ನು ಕೊಟ್ಟರು. ‘ನನ್ನ ವಿಶ್ವಾಸ, ಸ್ವಂತ ಮಾತಿನಲ್ಲಿ’ ಎಂಬಲ್ಲಿ ಆರು ಸಾಲು ಬರೆದೆ. ಅದರ ಕೆಳಗೆ ‘ದೃಢೀಕರಣ’ ಎಂದು ಬರೆದು ಜಾಗ ಖಾಲಿ ಬಿಟ್ಟಿತ್ತು. ತಂದೆಯವರ ಪುಸ್ತಕದಲ್ಲಿ ಆ ಪದಕ್ಕೆ ಒಂದೇ ಅರ್ಥ: ಗೆಜೆಟೆಡ್ ಅಧಿಕಾರಿಯ ಸಹಿ ಮತ್ತು ಮೊಹರು.

ಮಹಡಿಯ ಮೇಲೆ ಮನೆಯ ಒಡತಿ ವಿಶಾಲಾಕ್ಷಿ ಮೇಡಂ ಇದ್ದರು. ಸರ್ಕಾರಿ ಕಾಲೇಜಿನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕಿ, ಗೆಜೆಟೆಡ್, ದೇವರನ್ನು ನಂಬದವರು. ಅರ್ಜಿಯನ್ನು ಅವರ ಮುಂದಿಟ್ಟೆ. ಅವರು ಹಸಿರು ಪೆನ್ನಿನ ಮುಚ್ಚಳ ತೆರೆದರು, ಓದಿದರು, ಮುಚ್ಚಳ ಮುಚ್ಚಿದರು.

“ಏನ್ರೀ ಇದು? ‘ನಾನು ಯೇಸುವನ್ನು ನಂಬುತ್ತೇನೆ.’ ಇದನ್ನ ನಾನು ಅಟೆಸ್ಟ್ ಮಾಡ್ಬೇಕಾ?”

“ಹೌದು ಮೇಡಂ. ಸೀಲ್ ಸಮೇತ. ಅಪ್ಪಾಜಿ ಪುಸ್ತಕದಲ್ಲಿ ಹಾಗೇ ಇದೆ.”

“ನನ್ನ ಸೀಲಲ್ಲಿ ‘ಮೂಲದೊಂದಿಗೆ ಪರಿಶೀಲಿಸಲಾಗಿದೆ’ ಅಂತಿದೆ. ಮೂಲ ಎಲ್ರೀ? ಕರ್ಕೊಂಡ್ಬನ್ನಿ, ನಾನೂ ಒಂದ್ಸಲ ನೋಡ್ತೀನಿ.”

ನಾನು ಗಾಬರಿಯಲ್ಲಿ ಮೇಲಕ್ಕೆ ಬೆರಳು ತೋರಿಸಿದೆ. ಅವರು ತಲೆಯೆತ್ತಿದರು. “ಫ್ಯಾನಾ?”

ಇಬ್ಬರೂ ನಕ್ಕ ನಗುವಿಗೆ ಅವರ ಕಾಫಿ ಅರ್ಜಿಯ ಅಂಚಿಗೆ ತುಳುಕಿತು. ನಗು ನಿಂತ ಮೇಲೆ ನನಗೆ ಅಳು ಬರುವಂತಾಗಿ, ನಿದ್ದೆಗೆಡಿಸಿದ ಪ್ರಶ್ನೆಯನ್ನು ಹೇಳಿಬಿಟ್ಟೆ. “ಟೆಸ್ಟ್ ಮಾಡ್ದೆ ಹೇಗೆ ಮೇಡಂ ಸೈನ್ ಹಾಕೋದು?”

“ನಿಮ್ಮ ಯಜಮಾನ್ರನ್ನ ಒಪ್ಕೊಳ್ಳೋ ಮುಂಚೆ ಲ್ಯಾಬಿನ ಮಷೀನಲ್ಲಿ ಹಾಕಿ ತಿರುಗಿಸಿದ್ರಾ?”

“ಇಲ್ಲ. ತಿರುಗಿಸ್ಬೇಕಿತ್ತು.”

“ನೋಡಿ, ಲ್ಯಾಬಲ್ಲಿ ಯಾರು ಟೆಸ್ಟ್ ಮಾಡಿದ್ರೂ ಒಂದೇ ಉತ್ತರ ಬರ್ಬೇಕು. ಇಲ್ಲಿ ಹಾಗಲ್ಲ, ಕೇಳಿರೋದು ನಿಮ್ಮನ್ನ. ನಾನು ನಂಬಲ್ಲ, ನನ್ನ ಸೈನ್ ಹಾಕಿದ್ರೆ ಸುಳ್ಳಾಗುತ್ತೆ. ಈಗ ಸರ್ಕಾರದವ್ರೇ ಗೆಜೆಟೆಡ್ ಬೇಡ, ಸೆಲ್ಫ್ ಅಟೆಸ್ಟೇಷನ್ ಸಾಕು ಅಂತಿದಾರೆ. ನಿಮ್ಮ ಅಪ್ಪಾಜಿ ಪುಸ್ತಕ ಹಳೇದಾಯ್ತು ಕಣ್ರೀ. ನೀವೇ ಹಾಕ್ಕೊಳ್ಳಿ.”

ಮೆಟ್ಟಿಲಿನ ಮೇಲೆಯೇ ಕುಳಿತೆ. ಎಷ್ಟು ನಂಬುತ್ತೇನೆಂದು ಪ್ರಾಮಾಣಿಕವಾಗಿ ನೋಡಿಕೊಂಡೆ, ಇನ್ನೊಮ್ಮೆ ನೋಡಿಕೊಂಡೆ. ಬಳಿಕ ಖಾಲಿ ಜಾಗದಲ್ಲಿ ಬರೆದೆ: ‘ಸ್ವಯಂ ದೃಢೀಕರಿಸಲಾಗಿದೆ. ಮೂಲದೊಂದಿಗೆ ಪರಿಶೀಲಿಸಲಾಗಿಲ್ಲ. ಷರಾ: ಕೆಲವು ಸಂದೇಹಗಳು ಬಾಕಿ ಇರುತ್ತವೆ.’ ಸಹಿ ಹಾಕಿದೆ.

ಅಯ್ಯನವರು ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು. “ಅಮ್ಮಾ, ದೃಢೀಕರಣ ಅಂದ್ರೆ ಕನ್ಫರ್ಮೇಷನ್ನು ಕಣಮ್ಮಾ! ಆ ಜಾಗ ತಾರೀಕು ಬರ್ಯೋದಕ್ಕೆ!”

ನಾನು ನಾಚಿ ಅರ್ಜಿಗೆ ಕೈ ಚಾಚಿದೆ. “ಹರಿದು ಬೇರೆ ಬರ್ಕೊಡ್ಲಾ ಅಯ್ಯನವ್ರೇ?”

“ಬೇಡ. ಎಲ್ರೂ ನಂಬ್ತೀನಿ ಅಂತ ಬರ್ಕೊಡ್ತಾರೆ. ಬಾಕಿ ಏನಿದೆ ಅಂತ ಬರ್ಕೊಟ್ಟವಳು ನೀನೊಬ್ಳೇ. ಇದನ್ನ ನಾನು ಇಟ್ಕೊತೀನಿ.”

ಆ ಭಾನುವಾರ ಹದಿನಾರು ವರ್ಷದವರ ಸಾಲಿನಲ್ಲಿ, ಬಿಳಿ ಸೀರೆಯಲ್ಲಿ, ಎಲ್ಲರಿಗಿಂತ ಒಂದು ತಲೆ ಎತ್ತರವಾಗಿ ಮಂಡಿಯೂರಿದೆ. ಕೊನೆಯ ಬೆಂಚಿನಲ್ಲಿ ವಿಶಾಲಾಕ್ಷಿ ಮೇಡಂ ಕುಳಿತಿದ್ದರು, ಪ್ರಯೋಗ ವೀಕ್ಷಿಸಲು ಬಂದವರಂತೆ. “ನಂಬುತ್ತೀರೋ?” ಎಂದು ಬಿಷಪ್ಪರು ಕೇಳಿದಾಗ ಮಕ್ಕಳೆಲ್ಲ ಒಕ್ಕೊರಲಿನಿಂದ ಉತ್ತರಿಸಿದರು. ನನ್ನ “ನಂಬುತ್ತೇನೆ” ಅರ್ಧ ಕ್ಷಣ ತಡವಾಗಿ, ಒಂಟಿಯಾಗಿ, ಇಡೀ ಚರ್ಚಿಗೆ ಕೇಳುವಂತೆ ಹೊರಬಿತ್ತು. ಹಿಂದಿನ ಬೆಂಚಿನಿಂದ ಕೆಮ್ಮಿನಂಥ ಸದ್ದೊಂದು ಬಂತು. ನನಗೂ ನಗು. ಬಿಷಪ್ಪರ ಕೈ ತಲೆಯ ಮೇಲಿದ್ದಾಗಲೂ ಭುಜಗಳು ಕುಣಿಯುತ್ತಿದ್ದವು. ಭಕ್ತಿಯಿಂದ ನಡುಗುತ್ತಿದ್ದೇನೆಂದು ಅವರು ಭಾವಿಸಿರಬಹುದು. ಅದೂ ಪೂರ್ತಿ ತಪ್ಪಲ್ಲ.

ಈಗಲೂ ನನ್ನ ಕೆಲವು ಸಂದೇಹಗಳು ಇತ್ಯರ್ಥವಾಗುತ್ತವೆ, ಕೆಲವು ಹೊಸದಾಗಿ ದಾಖಲಾಗುತ್ತವೆ. ನಿದ್ದೆ ಚೆನ್ನಾಗಿ ಬರುತ್ತದೆ. ಈ ಪತ್ರದಲ್ಲಿ ತಪ್ಪುಗಳು ಕಂಡಲ್ಲಿ, ಒತ್ತಕ್ಷರದಿಂದ ವ್ಯಾಕರಣದವರೆಗೆ, ದಯವಿಟ್ಟು ತಿದ್ದಿಕೊಡಬೇಕಾಗಿ ಕೋರುತ್ತೇನೆ. ಕೆಳಗಿನ ಸಹಿ ಮಾತ್ರ ವಕ್ರವಾಗಿದ್ದರೂ ಹಾಗೆಯೇ ಇರಲಿ. ಅದನ್ನು ನಾನು ಎರಡು ಸಲ ನೋಡಿಯೇ ಹಾಕಿದ್ದೇನೆ.